ಸಿಗರೇಟು ಬಿಟ್ಟ ಮೇಲೆ ಸೀನು, ಕೆಮ್ಮು: ಇದು ಅಲರ್ಜಿಯೇ?

ಧೂಮಪಾನವನ್ನು ತ್ಯಜಿಸಿದವರಲ್ಲಿ ಅನೇಕರು ಮೊದಲ ಕೆಲವು ವಾರಗಳಲ್ಲಿ ವಿಚಿತ್ರವಾದ ಅನುಭವವೊಂದಕ್ಕೆ ಒಳಗಾಗುತ್ತಾರೆ. ಸಿಗರೇಟು ಸೇದುತ್ತಿದ್ದಾಗ ಇಲ್ಲದಿದ್ದ ಸೀನು ಈಗ ಬೆಳಗಾಗುತ್ತಲೇ ಆರಂಭವಾಗುತ್ತದೆ. ಮೂಗು ಸೋರುತ್ತದೆ, ಇಲ್ಲವೇ ಕಟ್ಟಿಕೊಳ್ಳುತ್ತದೆ. ಗಂಟಲು ಕೆರೆಯುತ್ತದೆ, ಕೆಮ್ಮಿದರೆ ಕಫ ಬರುತ್ತದೆ, ಬಾಯಲ್ಲಿ ಹುಣ್ಣುಗಳು ಏಳುತ್ತವೆ. 'ಸೇದುತ್ತಿದ್ದಾಗ ಆರೋಗ್ಯವಾಗಿಯೇ ಇದ್ದೆ, ಬಿಟ್ಟ ಮೇಲೆ ಕಾಯಿಲೆ ಬಿದ್ದೆ' ಎಂಬ ಮಾತು ಹುಟ್ಟುವುದು ಇಲ್ಲಿಯೇ. ಬಿಟ್ಟದ್ದು ದೇಹಕ್ಕೆ ಒಗ್ಗಲಿಲ್ಲ ಎಂದು ತೀರ್ಮಾನಿಸಿ ಮತ್ತೆ ಸಿಗರೇಟಿಗೆ ಕೈ ಚಾಚುವವರೂ ಇದ್ದಾರೆ.

ಈ ತೀರ್ಮಾನ ತಪ್ಪು. ಧೂಮಪಾನ ಬಿಡುವುದರಿಂದ ಅಲರ್ಜಿ ಹುಟ್ಟುವುದಿಲ್ಲ. ಮೇಲೆ ಹೇಳಿದ ಲಕ್ಷಣಗಳಲ್ಲಿ ಬಹುಪಾಲು ಶ್ವಾಸಾಂಗಗಳು ಚೇತರಿಸಿಕೊಳ್ಳುತ್ತಿರುವುದರ ಸೂಚನೆಗಳು. ಕೆಲವರಲ್ಲಿ ಮಾತ್ರ ಮೊದಲಿನಿಂದಲೂ ಇದ್ದು, ಹೊಗೆಯ ತೊಂದರೆಗಳ ನಡುವೆ ಗಮನಕ್ಕೆ ಬಾರದೆ ಹೋಗಿದ್ದ ಅಲರ್ಜಿ ಈಗ ಎದ್ದು ಕಾಣುತ್ತದೆ. ಇವೆರಡರ ವ್ಯತ್ಯಾಸವನ್ನೂ, ವೈದ್ಯರನ್ನು ಯಾವಾಗ ಕಾಣಬೇಕು ಎಂಬುದನ್ನೂ ತಿಳಿದಿರುವುದು ಧೂಮಪಾನ ಬಿಡಲು ಹೊರಟ ಪ್ರತಿಯೊಬ್ಬರಿಗೂ ಅಗತ್ಯ.

ಶ್ವಾಸನಾಳದಲ್ಲಿ ನಡೆಯುವುದೇನು?

ಮೂಗಿನಿಂದ ಶ್ವಾಸಕೋಶದವರೆಗಿನ ಹಾದಿಯ ಒಳಗೋಡೆಯ ಮೇಲೆ ಸಿಲಿಯಾ ಎಂಬ ಅತಿ ಸೂಕ್ಷ್ಮವಾದ ರೋಮಗಳಿರುತ್ತವೆ. ಆರೋಗ್ಯವಂತರಲ್ಲಿ ಇವು ಸೆಕೆಂಡಿಗೆ ಸುಮಾರು 10ರಿಂದ 20 ಬಾರಿ ಬೀಸುತ್ತಾ, ಲೋಳೆಯಲ್ಲಿ ಸಿಕ್ಕಿಕೊಂಡ ಧೂಳು ಮತ್ತು ರೋಗಾಣುಗಳನ್ನು ಹೊರಕ್ಕೆ ತಳ್ಳುತ್ತಿರುತ್ತವೆ. ಇದನ್ನು ದೇಹದ ಕಸಪೊರಕೆ ಎನ್ನಬಹುದು.

ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಇವುಗಳಲ್ಲಿ ಹಲವು ಈ ರೋಮಗಳ ಚಲನೆಯನ್ನು ಕುಂಠಿತಗೊಳಿಸುತ್ತವೆ; ವರ್ಷಗಟ್ಟಲೆ ಸೇದಿದವರಲ್ಲಿ ರೋಮಗಳು ಮೋಟಾಗುತ್ತವೆ, ನಾಶವೂ ಆಗುತ್ತವೆ. ಇದೇ ವೇಳೆ ಹೊಗೆಯ ಕೆರಳಿಕೆಯಿಂದಾಗಿ ಲೋಳೆ ಸ್ರವಿಸುವ ಕೋಶಗಳು ಹಿಗ್ಗಿ, ಸಂಖ್ಯೆಯಲ್ಲಿಯೂ ಹೆಚ್ಚುತ್ತವೆ. ಹೀಗೆ ಕಸ ಹೆಚ್ಚುತ್ತದೆ, ಗುಡಿಸುವ ಪೊರಕೆ ಮಾತ್ರ ಸವೆಯುತ್ತದೆ.

ಸಿಗರೇಟು ನಿಂತ ಮೇಲೆ ಸಿಲಿಯಾಗಳು ಕ್ರಮೇಣ ಮತ್ತೆ ಕೆಲಸಕ್ಕೆ ತೊಡಗುತ್ತವೆ. ಆದರೆ ಹಿಗ್ಗಿದ್ದ ಲೋಳೆಕೋಶಗಳು ಸಹಜ ಸ್ಥಿತಿಗೆ ಮರಳಲು ಹೆಚ್ಚು ಕಾಲ ಬೇಕು. ಹೀಗಾಗಿ ಒಳಗೆ ಸಂಗ್ರಹವಾಗಿದ್ದ ಕಫ ಮತ್ತು ಹೊಸದಾಗಿ ಸ್ರವಿಸಿದ ಕಫ ಎರಡೂ ಮೇಲಕ್ಕೆ ಬರತೊಡಗುತ್ತವೆ. ಕೆಮ್ಮು ತಾತ್ಕಾಲಿಕವಾಗಿ ಹೆಚ್ಚುವುದು ಈ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಧೂಮಪಾನ ಬಿಟ್ಟ 1ರಿಂದ 9 ತಿಂಗಳೊಳಗೆ ಕೆಮ್ಮು ಮತ್ತು ಏದುಸಿರು ಕಡಿಮೆಯಾಗುತ್ತವೆ.

ಇನ್ನೊಂದು ಕಾರಣ ಘ್ರಾಣಶಕ್ತಿ. ಹೊಗೆಯಿಂದ ಮಂಕಾಗಿದ್ದ ಮೂಗು ಬಿಟ್ಟ ಕೆಲವು ದಿನಗಳಲ್ಲೇ ಚುರುಕಾಗತೊಡಗುತ್ತದೆ. ಮೊದಲು ಗಮನಕ್ಕೇ ಬಾರದಿದ್ದ ಊದುಬತ್ತಿಯ ಹೊಗೆ, ಸೊಳ್ಳೆಬತ್ತಿಯ ವಾಸನೆ, ಒಗ್ಗರಣೆಯ ಘಾಟು, ವಾಹನಗಳ ಹೊಗೆ ಈಗ ತೀಕ್ಷ್ಣವಾಗಿ ತಟ್ಟುತ್ತವೆ. ಸೀನು ಬರುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ಇದು ಕೆರಳಿಕೆಗೆ ಮೂಗು ತೋರುವ ಸಹಜ ಪ್ರತಿಕ್ರಿಯೆಯೇ ಹೊರತು ಅಲರ್ಜಿ ಅಲ್ಲ.

ಅಧ್ಯಯನಗಳು ಹೇಳುವುದೇನು?

ಈ ಅನುಭವ ಕೇವಲ ಭ್ರಮೆಯಲ್ಲ. 'ಟೊಬ್ಯಾಕೊ ಕಂಟ್ರೋಲ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಧೂಮಪಾನ ಬಿಟ್ಟ ಆರಂಭದ ವಾರಗಳಲ್ಲಿ ಗಂಟಲು ನೋವು, ಕೆಮ್ಮು, ಸೀನು ಮೊದಲಾದ ಶೀತದ ಲಕ್ಷಣಗಳೂ ಬಾಯಿಹುಣ್ಣುಗಳೂ ಹೆಚ್ಚುವುದನ್ನು ದಾಖಲಿಸಿತು. ಮರುವರ್ಷ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಬಿಟ್ಟವರ ಪೈಕಿ ಸುಮಾರು ಐದರಲ್ಲಿ ಇಬ್ಬರಿಗೆ ಬಾಯಿಹುಣ್ಣು ಕಾಣಿಸಿಕೊಂಡಿತ್ತು. ಬಹುತೇಕ ಹುಣ್ಣುಗಳು ಎದ್ದದ್ದು ಮೊದಲ ಎರಡು ವಾರಗಳಲ್ಲಿ. ಇಂತಹ ತೊಂದರೆ ಬರಬಹುದು, ಬಂದರೂ ಕಳೆಯುತ್ತದೆ ಎಂದು ಬಿಡುವವರಿಗೆ ಮುಂಚಿತವಾಗಿಯೇ ತಿಳಿಸಬೇಕು ಎಂಬುದು ಈ ಅಧ್ಯಯನಗಳಿಂದ ದೊರೆಯುವ ಪಾಠ.

ಅಸ್ತಮಾ ಇರುವವರಿಗಂತೂ ಬಿಡುವುದರ ಲಾಭ ಬೇಗನೆ ತಿಳಿಯುತ್ತದೆ. ಗ್ಲಾಸ್ಗೋ ನಗರದ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧೂಮಪಾನ ನಿಲ್ಲಿಸಿದ ಅಸ್ತಮಾ ರೋಗಿಗಳ ಶ್ವಾಸಕೋಶದ ಕಾರ್ಯಕ್ಷಮತೆ 6 ವಾರಗಳಲ್ಲೇ ಸುಧಾರಿಸಿತ್ತು. ಸೇದುವ ಅಸ್ತಮಾ ರೋಗಿಗಳಿಗೆ ಇನ್‌ಹೇಲರ್ ಮೂಲಕ ಕೊಡುವ ಸ್ಟೀರಾಯ್ಡ್ ಔಷಧಿಯ ಪರಿಣಾಮವೂ ಕಡಿಮೆ ಎಂಬುದು ವೈದ್ಯರಿಗೆ ತಿಳಿದ ವಿಷಯ.

ನಿಜವಾದ ಅಲರ್ಜಿಯನ್ನು ಗುರುತಿಸುವುದು ಹೇಗೆ?

ಪರಾಗ, ಧೂಳಿನ ನುಸಿ, ಶಿಲೀಂಧ್ರ, ಸಾಕುಪ್ರಾಣಿಗಳ ಹೊಟ್ಟು ಮುಂತಾದ ನಿರಪಾಯಕಾರಿ ವಸ್ತುಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಭಾವಿಸಿದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಇದೇ ಅಲರ್ಜಿ. ಕರ್ನಾಟಕದ ನಗರಗಳಲ್ಲಿ ಖಾಲಿ ನಿವೇಶನಗಳನ್ನೆಲ್ಲ ಆವರಿಸುವ ಪಾರ್ಥೇನಿಯಂ, ಅಂದರೆ ಜನಬಳಕೆಯ ಕಾಂಗ್ರೆಸ್ ಗಿಡ, ಇದಕ್ಕೆ ಪರಿಚಿತ ಉದಾಹರಣೆ. ಅದರ ಪರಾಗದಿಂದ ಮೂಗಿನ ಅಲರ್ಜಿಯೂ, ಗಿಡದ ಸ್ಪರ್ಶದಿಂದ ಚರ್ಮದ ಉರಿಯೂತವೂ ಬರುತ್ತವೆ.

ಕೆಳಗಿನ ಅಂಶಗಳು ವ್ಯತ್ಯಾಸ ತಿಳಿಯಲು ಸಹಾಯಕ.

ಅಲರ್ಜಿಯಲ್ಲಿ ತುರಿಕೆ ಪ್ರಧಾನ. ಮೂಗು, ಕಣ್ಣು, ಅಂಗುಳ ತುರಿಸುತ್ತವೆ. ಸೀನು ಸಾಲುಸಾಲಾಗಿ ಬರುತ್ತದೆ. ಮೂಗಿನಿಂದ ನೀರಿನಂತಹ ಸ್ರಾವ ಇರುತ್ತದೆ. ನಿರ್ದಿಷ್ಟ ಋತು, ಸ್ಥಳ ಅಥವಾ ವಸ್ತುವಿನೊಡನೆ ತೊಂದರೆಗೆ ನಂಟಿರುತ್ತದೆ. ಜ್ವರ ಇರುವುದಿಲ್ಲ.

ಚೇತರಿಕೆಯ ಕೆಮ್ಮಿನಲ್ಲಿ ಕಫ ಪ್ರಧಾನ. ಕಣ್ಣಿನ ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ದಿನಗಳು ಕಳೆದಂತೆ ಕಫ ತಿಳಿಯಾಗುತ್ತಾ, ಕಡಿಮೆಯಾಗುತ್ತಾ ಹೋಗುತ್ತದೆ.

ಸಾಮಾನ್ಯ ಶೀತದಲ್ಲಿ ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಸಣ್ಣ ಜ್ವರ ಇದ್ದು, 7ರಿಂದ 10 ದಿನಗಳಲ್ಲಿ ಗುಣವಾಗುತ್ತದೆ.

ಸಂಶಯವಿದ್ದಲ್ಲಿ ವೈದ್ಯರು ಚರ್ಮದ ಮೇಲೆ ಅಥವಾ ರಕ್ತದಲ್ಲಿ ಅಲರ್ಜಿ ಪರೀಕ್ಷೆ ಮಾಡಿಸುತ್ತಾರೆ. ಅಲರ್ಜಿ ಮಾತ್ರೆ ಸೇವಿಸುತ್ತಿರುವವರು ಅದನ್ನು ಮೊದಲೇ ತಿಳಿಸಬೇಕು. ಚರ್ಮದ ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಆ ಮಾತ್ರೆ ನಿಲ್ಲಿಸಬೇಕಾಗುತ್ತದೆ.

ಔಷಧಿಯಿಂದಲೂ ತುರಿಕೆ

ಧೂಮಪಾನ ಬಿಡಲು ಬಳಸುವ ಸಾಧನಗಳೇ ಕೆಲವೊಮ್ಮೆ ಅಲರ್ಜಿಯಂತಹ ಲಕ್ಷಣ ತೋರಿಸುತ್ತವೆ. ನಿಕೋಟಿನ್ ಪಟ್ಟಿ ಅಂಟಿಸಿದ ಜಾಗ ಕೆಂಪಾಗಿ ತುರಿಸುವುದು ಸಾಮಾನ್ಯ. ಪ್ರತಿದಿನ ಜಾಗ ಬದಲಿಸಿ ಅಂಟಿಸಿದರೆ ಇದು ಕಡಿಮೆಯಾಗುತ್ತದೆ. ನಿಕೋಟಿನ್ ಚೂಯಿಂಗ್ ಗಮ್ಮನ್ನು ಸಾದಾ ಗಮ್ಮಿನಂತೆ ಒಂದೇ ಸಮನೆ ಜಗಿದರೆ ಗಂಟಲುರಿ, ಬಿಕ್ಕಳಿಕೆ, ಹೊಟ್ಟೆ ತೊಳಸುವಿಕೆ ಬರುತ್ತವೆ. ಅದನ್ನು ನಿಧಾನವಾಗಿ ಅಗಿದು, ಖಾರದ ಅನುಭವವಾದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಇರಿಸಿಕೊಳ್ಳಬೇಕು. ವೈದ್ಯರು ಬರೆದುಕೊಡುವ ಬುಪ್ರೊಪಿಯಾನ್ ಮಾತ್ರೆಯಿಂದ ಕೆಲವರಿಗೆ ಮೈಮೇಲೆ ದದ್ದುಗಳು ಏಳಬಹುದು. ಅಂಥವರು ಕೂಡಲೇ ವೈದ್ಯರಿಗೆ ತಿಳಿಸಬೇಕು.

ಅನೇಕರಿಗೆ ತಿಳಿಯದ ಇನ್ನೊಂದು ಸಂಗತಿ ಇದೆ. ತಂಬಾಕಿನ ಹೊಗೆ ಯಕೃತ್ತಿನ ಕೆಲವು ಕಿಣ್ವಗಳನ್ನು ಚುರುಕುಗೊಳಿಸಿ, ಕೆಲವು ಔಷಧಿಗಳು ಬೇಗನೆ ಕರಗಿಹೋಗುವಂತೆ ಮಾಡುತ್ತದೆ. ಹೊಗೆ ನಿಂತಾಗ ಅದೇ ಪ್ರಮಾಣದ ಔಷಧಿ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಅಸ್ತಮಾಕ್ಕೆ ಬಳಸುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮತ್ತು ಒಲಾಂಜಪಿನ್ ಇವುಗಳಲ್ಲಿ ಮುಖ್ಯವಾದವು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿಯೂ ಪ್ರಮಾಣ ಬದಲಿಸುವ ಅಗತ್ಯ ಬರಬಹುದು. ಆದ್ದರಿಂದ ಧೂಮಪಾನ ಬಿಡುವ ದಿನಾಂಕವನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು.

ಕಾಫಿಗೂ ಇದೇ ನಿಯಮ ಅನ್ವಯಿಸುತ್ತದೆ. ಮೊದಲಿನಷ್ಟೇ ಕಾಫಿ ಕುಡಿದರೂ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಎದೆಬಡಿತ, ನಡುಕ, ನಿದ್ರಾಹೀನತೆ ಉಂಟುಮಾಡಬಹುದು. ಸಿಗರೇಟು ಬಿಟ್ಟದ್ದರ ಚಡಪಡಿಕೆ ಎಂದು ಭಾವಿಸಿದ್ದು ಕೆಲವೊಮ್ಮೆ ಕಾಫಿಯ ಫಲವಾಗಿರುತ್ತದೆ. ಬಿಡುವ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸುವುದು ಒಳ್ಳೆಯದು.

ಉಪಶಮನಕ್ಕೆ ಸರಳ ಮಾರ್ಗಗಳು

ಸಾಕಷ್ಟು ನೀರು ಕುಡಿಯಿರಿ. ಕಫ ತೆಳುವಾಗಿ ಸುಲಭವಾಗಿ ಹೊರಬರುತ್ತದೆ. ಕಫ ಬರುವ ಕೆಮ್ಮನ್ನು ಅಡಗಿಸುವ ಸಿರಪ್‌ಗಳನ್ನು ನೀವಾಗಿಯೇ ಕೊಂಡು ಕುಡಿಯಬೇಡಿ.

ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ದೊರೆಯುವ ಉಪ್ಪುನೀರಿನ ಹನಿಗಳು ಸಾಕು. ಮೂಗು ತೆರೆಸುವ ಔಷಧಿ ಹನಿಗಳನ್ನು ಒಂದು ವಾರಕ್ಕಿಂತ ಹೆಚ್ಚು ಬಳಸಿದರೆ ಮೂಗು ಮತ್ತಷ್ಟು ಕಟ್ಟಿಕೊಳ್ಳುತ್ತದೆ.

ಬಾಯಿಹುಣ್ಣಿಗೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ. ಗುಣವಾಗುವವರೆಗೆ ಖಾರ, ಹುಳಿ ಕಡಿಮೆ ಮಾಡಿ.

ಪರದೆ, ಹೊದಿಕೆ, ಸೋಫಾ, ಕಾರಿನ ಆಸನಗಳಲ್ಲಿ ಹಳೆಯ ಹೊಗೆಯ ಅಂಶ ಉಳಿದಿರುತ್ತದೆ. ಬಿಟ್ಟ ಮೊದಲ ವಾರದಲ್ಲೇ ಇವನ್ನು ತೊಳೆದು ಶುಚಿಗೊಳಿಸಿ. ಧೂಳಿನ ನುಸಿಯ ಕಾಟವೂ ತಗ್ಗುತ್ತದೆ.

ಅಲರ್ಜಿ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಸೇವಿಸಿ. ಕೆಲವು ಮಾತ್ರೆಗಳಿಂದ ತೂಕಡಿಕೆ ಬರುವುದರಿಂದ ವಾಹನ ಚಾಲಕರು ಎಚ್ಚರ ವಹಿಸಬೇಕು.

ಸಿಗರೇಟಿನ ಬದಲು ಬೀಡಿ, ಗುಟ್ಕಾ ಅಥವಾ ಖೈನಿಗೆ ಹೊರಳುವುದು ಬಿಟ್ಟಂತಲ್ಲ. ಇ-ಸಿಗರೇಟುಗಳ ಮಾರಾಟವನ್ನು ಭಾರತದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಎಲ್ಲವನ್ನೂ ಚೇತರಿಕೆಯ ಲಕ್ಷಣವೆಂದು ನಿರ್ಲಕ್ಷಿಸುವುದೂ ಅಪಾಯಕಾರಿ. ವರ್ಷಗಟ್ಟಲೆ ಸೇದಿದವರಲ್ಲಿ ಗಂಭೀರ ಕಾಯಿಲೆಯ ಸಾಧ್ಯತೆ ಇದ್ದೇ ಇರುತ್ತದೆ. ಕೆಮ್ಮು 2 ವಾರಗಳಿಗೂ ಮೀರಿದರೆ ಬಿಟ್ಟದ್ದರ ಪರಿಣಾಮವೆಂದು ಸುಮ್ಮನಿರದೆ ಕ್ಷಯರೋಗದ ತಪಾಸಣೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, 3 ವಾರ ಕಳೆದರೂ ಸರಿಯಾಗದ ದನಿ ಒಡಕು, 3 ವಾರಗಳಲ್ಲಿ ಮಾಯದ ಬಾಯಿಹುಣ್ಣು, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಉಸಿರಾಡುವಾಗ ಸಿಳ್ಳೆಯಂತಹ ಸದ್ದು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ಎದೆನೋವು ಬಂದರೆ, ಅಥವಾ ತುಟಿ, ನಾಲಗೆ, ಮುಖ ಊದಿಕೊಂಡು ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ನೆರವು ಎಲ್ಲಿ?

ಕೇಂದ್ರ ಆರೋಗ್ಯ ಸಚಿವಾಲಯದ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 2016ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಇತರ ಕೇಂದ್ರಗಳಿಗೆ ಅದನ್ನು ವಿಸ್ತರಿಸಲಾಯಿತು. ಶುಲ್ಕರಹಿತ ದೂರವಾಣಿ ಸಂಖ್ಯೆ 1800-11-2356. ತಂಬಾಕು ಪೊಟ್ಟಣಗಳ ಮೇಲೂ ಇದೇ ಸಂಖ್ಯೆ ಮುದ್ರಿತವಾಗಿರುತ್ತದೆ.

ನಿಕೋಟಿನ್ ಹಂಬಲದಿಂದ ಉಂಟಾಗುವ ಸಿಡುಕು, ಚಡಪಡಿಕೆ ಮೊದಲ ವಾರದಲ್ಲಿ ಪರಾಕಾಷ್ಠೆಗೆ ಏರಿ, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಇಳಿಯುತ್ತದೆ. ಸೀನು, ಕೆಮ್ಮು, ಬಾಯಿಹುಣ್ಣು ತೀವ್ರವಾಗುವುದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಈ ಕಾಲದಲ್ಲಿ ಸೇದಿದ ಒಂದು ಸಿಗರೇಟು ಕೆಮ್ಮನ್ನು ಕ್ಷಣಕಾಲ ತಣಿಸಿದಂತೆ ತೋರಬಹುದು. ಆದರೆ ಅದು ಗುಣವಾದದ್ದಲ್ಲ. ಆಗತಾನೇ ಎಚ್ಚೆತ್ತ ಸಿಲಿಯಾಗಳು ಮತ್ತೆ ಸ್ತಬ್ಧವಾದದ್ದು. ಬಿಟ್ಟು ಒಂದು ವರ್ಷವಾದಾಗ ಹೃದಯದ ರಕ್ತನಾಳಗಳ ಕಾಯಿಲೆಯ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಕೆಲವು ವಾರಗಳ ಸೀನು ಕೆಮ್ಮನ್ನು ಸಹಿಸಿಕೊಂಡವರಿಗೆ ಸಿಗುವ ಫಲ ಇದು.