ಬಲುತೆಯ ಪಟ್ಟಿಯಲ್ಲಿ ಇಲ್ಲದ ಕಸುಬು

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನಡುವಿನ ನಮ್ಮ ಸೀಮೆಯಲ್ಲಿ ಹಳ್ಳಿಯ ದುಡಿಮೆಗೆ ‘ಬಾರಾ ಬಲುತೆ’ ಅಂತ ಹೆಸರಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿ, ಸಮಗಾರ, ಮಾಂಗ, ಮಹಾರ ಹೀಗೆ ಪಟ್ಟಿ. ಊರಿಂದೂರಿಗೆ ಹೆಸರುಗಳು ಒಂದೆರಡು ಹೆಚ್ಚುಕಡಿಮೆ ಆಗುತ್ತಿದ್ದವು, ಆದರೆ ಪಟ್ಟಿಯ ಗುಣ ಮಾತ್ರ ಒಂದೇ. ಅದರಲ್ಲಿ ಕೆಲಸದ ಹೆಸರು, ಜಾತಿಯ ಹೆಸರು ಎರಡೂ ಒಂದೇ ಶಬ್ದ. ಸುಗ್ಗಿಯಲ್ಲಿ ಕಣದಿಂದ ಯಾರಿಗೆ ಎಷ್ಟು ಕಾಳು ಅನ್ನೋದೂ ಆ ಶಬ್ದದಲ್ಲೇ ಅಡಗಿತ್ತು. ‘ಕಲಿಯುವುದು’ ಎಂಬ ಮಾತಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಹುಟ್ಟಿದವನು ಕಲಿತೇ ಹುಟ್ಟಿದ್ದಾನೆ ಅಂತ ಊರು ನಂಬಿತ್ತು.

ಈ ಪಟ್ಟಿಯಲ್ಲಿ ವೆಲ್ಡರ್ ಇಲ್ಲ. ಇದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ದಲಿತ ವಿಮರ್ಶೆಯ ಬಗ್ಗೆ ಮಾತಾಡುವಾಗ ಈ ‘ಇಲ್ಲ’ದಿಂದಲೇ ಶುರುಮಾಡಬೇಕು ಅಂತ ನನಗೆ ಅನ್ನಿಸುತ್ತದೆ. ನಾವು ಇದುವರೆಗೆ ಕವಿತೆ ಓದಿದೆವು, ವಚನ ಓದಿದೆವು, ಆತ್ಮಕಥೆ ಓದಿದೆವು. ನಮ್ಮ ಹುಡುಗರು ಪ್ಲಾಸ್ಟಿಕ್ ಹೊದಿಕೆಯೊಳಗೆ ಜೋಪಾನವಾಗಿ ಇಟ್ಟುಕೊಳ್ಳುವ ಐ.ಟಿ.ಐ. ಸರ್ಟಿಫಿಕೇಟನ್ನು ಒಂದು ಪಠ್ಯವಾಗಿ ಓದಲಿಲ್ಲ. ಅದಕ್ಕೂ ಒಂದು ಚರಿತ್ರೆ ಇದೆ. ಆ ಚರಿತ್ರೆ ಬಿಡುಗಡೆಯ ಮಾತನ್ನೂ ಆಡುತ್ತದೆ, ಅಡ್ಡಗಾಲಿನ ಮಾತನ್ನೂ ಆಡುತ್ತದೆ.

ಬಲುತೆ ಎಂಬುದು ಬರೀ ರೂಢಿಯಾಗಿರಲಿಲ್ಲ, ಅದಕ್ಕೆ ಕಾಯ್ದೆಯ ಬೆನ್ನೂ ಇತ್ತು. ಮುಂಬೈ ಸರ್ಕಾರದ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ವತನದಾರಿಕೆಯನ್ನು ಬರಹದಲ್ಲಿ ಕಟ್ಟಿಹಾಕಿತು. ಮಹಾರರ ಪಾಲಿಗೆ ಇದರ ಅರ್ಥ ಹಗಲು ರಾತ್ರಿ ಎನ್ನದ ಊರ ಚಾಕರಿ: ಟಪ್ಪಾಲು ಒಯ್ಯುವುದು, ಅಧಿಕಾರಿ ಬಂದರೆ ಮುಂದೆ ಓಡುವುದು, ಊರಿನ ಗಡಿ ತೋರಿಸುವುದು. ಪ್ರತಿಫಲವಾಗಿ ಒಂದು ತುಂಡು ಇನಾಮು ಭೂಮಿ, ಮನೆಮನೆಯ ಕಾಳು. ಭೂಮಿ ಬೇಕಾದರೆ ಚಾಕರಿ ಬಿಡುವಂತಿಲ್ಲ, ಚಾಕರಿ ಬಿಡದೆ ಬೇರೆ ಕಸುಬು ಹಿಡಿಯುವಂತಿಲ್ಲ. ಈ ಗಂಟನ್ನು ಬಿಚ್ಚಲೆಂದೇ ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ. ನಮ್ಮ ಭಾಗದಲ್ಲಿ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳು ಕಾನೂನಿನ ಪ್ರಕಾರ ಹೋದದ್ದು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ.

ಇಲ್ಲಿ ನಮ್ಮ ಸೀಮೆಯ ಒಂದು ವಿಚಿತ್ರವನ್ನು ಗಮನಿಸಬೇಕು. ಚಿಕ್ಕೋಡಿ, ಅಥಣಿ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಶಾಹೂ ಮಹಾರಾಜರು 1902ರಲ್ಲಿ ಸಂಸ್ಥಾನದ ಖಾಲಿ ನೌಕರಿಗಳಲ್ಲಿ ಶೇ. 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. 1918ರಲ್ಲಿ ಮಹಾರ ವತನವನ್ನು ರದ್ದು ಮಾಡಿದರು. ಅಂದರೆ ಕಾಗದದ ಮೇಲೆ ರಾಯಬಾಗದ ಮಹಾರನಿಗೆ 1918ರಲ್ಲಿ ಸಿಕ್ಕ ಬಿಡುಗಡೆ, ಪಕ್ಕದ ಚಿಕ್ಕೋಡಿಯ ಅವನ ಬೀಗನಿಗೆ ಸಿಗಲು ಇನ್ನೂ 45 ವರ್ಷ ಕಾಯಬೇಕಾಯಿತು. ಕಾಗದದ ಬಿಡುಗಡೆ ಬಾಳಿನಲ್ಲಿ ಎಷ್ಟು ಇಳಿಯಿತು ಅನ್ನೋದು ಬೇರೆ ಪ್ರಶ್ನೆ. ಆದರೆ ‘ಇದು ಧರ್ಮ, ಬದಲಾಗದು’ ಎನ್ನುತ್ತಿದ್ದದ್ದು ಒಂದು ಹಳ್ಳದಾಚೆ ಒಂದು ಹುಕುಮಿನಿಂದ ಬದಲಾಗುತ್ತಿತ್ತು ಎಂಬುದನ್ನು ನಮ್ಮ ಚರಿತ್ರೆಕಾರರು ಒತ್ತಿ ಹೇಳಲಿಲ್ಲ.

1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ನಿಪ್ಪಾಣಿಗೆ ಬಂದರು. ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ಅವರ ಅಧ್ಯಕ್ಷತೆಯಲ್ಲಿ ಅಲ್ಲಿ ನಡೆಯಿತು. ನಾವು ಈ ಭೇಟಿಯನ್ನು ಫೋಟೋಕ್ಕೆ ಹಾರ ಹಾಕಿ ನೆನೆಯುತ್ತೇವೆ. ಆದರೆ ಅವರ ಇನ್ನೊಂದು ಹೆಜ್ಜೆ ನಮ್ಮ ಭಾಷಣಗಳಲ್ಲಿ ಬರುವುದೇ ಇಲ್ಲ. 1942ರ ಅಕ್ಟೋಬರ್‌ನಲ್ಲಿ, ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಇನ್ನೂ ಕೆಲವೇ ತಿಂಗಳಾಗಿದ್ದಾಗ, ಪರಿಶಿಷ್ಟರ ಕುಂದುಕೊರತೆಗಳ ಬಗ್ಗೆ ವೈಸರಾಯ್ ಲಿನ್‌ಲಿತ್‌ಗೋಗೆ ಒಂದು ಮನವಿಪತ್ರ ಕೊಟ್ಟರು. ಕಲೆ, ಕಾನೂನು ಓದಿದರೆ ಮಾತ್ರ ನಮ್ಮವರಿಗೆ ಹೆಚ್ಚಿನ ಪ್ರಯೋಜನವಿಲ್ಲ, ವಿಜ್ಞಾನ ಮತ್ತು ತಂತ್ರಜ್ಞಾನದ ಶಿಕ್ಷಣ ಬೇಕು ಎಂಬುದು ಅದರ ಒಂದು ವಾದ. ಸರ್ಕಾರಿ ಮುದ್ರಣಾಲಯ, ರೈಲ್ವೆ ವರ್ಕ್‌ಶಾಪುಗಳಲ್ಲಿ ಅಸ್ಪೃಶ್ಯ ಹುಡುಗರನ್ನು ಅಪ್ರೆಂಟಿಸ್ ಆಗಿ ತಗೊಳ್ಳಿ ಎಂದು ಅವರು ಕೇಳಿದರು. ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ದಾಟುವ ರೈಲು 1885ರಷ್ಟು ಹಿಂದೆಯೇ ಶುರುವಾದ ಹುಬ್ಬಳ್ಳಿಯ ವರ್ಕ್‌ಶಾಪಿನ ದಿಕ್ಕಿಗೇ ಹೋಗುತ್ತದೆ. ಆ ರೈಲಿನ ಹಳಿ ಹಾಸಲು ನಮ್ಮಂಥವರ ಬೆನ್ನು ಬೇಕಾಗಿತ್ತು. ವರ್ಕ್‌ಶಾಪಿನೊಳಗೆ ನಮ್ಮ ಕೈಯೂ ಬೇಕು ಅಂತ ಕೇಳಿದ್ದು 1942ರ ಆ ಕಾಗದ.

1936ರ ‘ಜಾತಿ ವಿನಾಶ’ದಲ್ಲಿ ಅವರು ಮುಂದಿಟ್ಟ ವಾದಕ್ಕೂ ಇದಕ್ಕೂ ನೇರ ನಂಟಿದೆ. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ದುಡಿಯುವವರನ್ನೇ ಮೇಲು ಕೀಳಾಗಿ ಪೇರಿಸಿಡುತ್ತದೆ ಎಂದಾದರೆ, ಆ ಪೇರಿಕೆಯ ಹೊರಗೆ ಹುಟ್ಟಿದ ಕೆಲಸಗಳು ನಮಗೆ ಬೇಕೇ ಬೇಕು.

ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಶುರುವಾಯಿತು. 1956ರಲ್ಲಿ ಐ.ಟಿ.ಐ.ಗಳ ಆಡಳಿತ ರಾಜ್ಯಗಳ ಕೈಗೆ ಬಂತು. ಅದೇ ವರ್ಷ ರಾಷ್ಟ್ರಮಟ್ಟದ ವೃತ್ತಿ ತರಬೇತಿ ಮಂಡಳಿ ಹುಟ್ಟಿತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ. ಅದರಲ್ಲಿ ಪರಿಶಿಷ್ಟರಿಗೆ ಸ್ಥಾನ ಮೀಸಲಿಡುವ ಕಲಮು ಸೇರಿದ್ದು 1973ರ ತಿದ್ದುಪಡಿಯಲ್ಲಿ. ಇದೇ ಕಾಲದಲ್ಲಿ ಇದಕ್ಕೆ ತದ್ವಿರುದ್ಧವಾದ ಹಾದಿಯೂ ಕಂಡಿತು. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಎಂಬ ಯೋಜನೆ ತಂದರು. ದ್ರಾವಿಡ ಚಳವಳಿ ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿಯಿತು. 1954ರಲ್ಲಿ ಅದು ಬಿದ್ದುಹೋಯಿತು.

ವೆಲ್ಡರ್ ಟ್ರೇಡು ಒಂದು ವರ್ಷದ್ದು, ಎಂಟನೇ ತರಗತಿ ಪಾಸಾದರೆ ಸಾಕು. ಹುಡುಗ ಮೊದಲು ಕಲಿಯೋದು ಬೆಂಕಿ ಹಚ್ಚೋದನ್ನಲ್ಲ, ದೂರ ಕಾಯೋದನ್ನ. ರಾಡಿನ ತುದಿ ತಗಡಿಗೆ ತಾಗಿದರೆ ಅಂಟಿಕೊಳ್ಳುತ್ತದೆ, ದೂರವಾದರೆ ಆರ್ಕ್ ಸಾಯುತ್ತದೆ. ಆ ಎರಡರ ನಡುವಿನ ಕೂದಲೆಳೆಯಷ್ಟು ಅಂತರದಲ್ಲಿ ಕೈಯನ್ನು ನಿಲ್ಲಿಸಿ ಒಂದೇ ವೇಗದಲ್ಲಿ ಎಳೆಯಬೇಕು. ತಗಡಿನ ದಪ್ಪ ನೋಡಿ ಕರೆಂಟು ಇಡಬೇಕು. ಮೇಲೆ ಬಂದ ಸ್ಲ್ಯಾಗು ಬಡಿದು ತೆಗೆದಾಗ ಕೆಳಗಿನ ಗೆರೆ ಮೀನಿನ ಹುರುಪೆಯ ಹಾಗೆ ಸಮ ಇರಬೇಕು. ಮೊದಲು ನೆಲದ ಮೇಲಿನ ಜಾಯಿಂಟು, ಆಮೇಲೆ ನಿಂತ ಜಾಯಿಂಟು, ಕೊನೆಗೆ ತಲೆಯ ಮೇಲಿನದು. ಕಪ್ಪು ಗಾಜಿಲ್ಲದೆ ನೋಡಿದವರಿಗೆ ರಾತ್ರಿ ಕಣ್ಣಲ್ಲಿ ಉಸುಕು ತುಂಬಿದ ಹಾಗಾಗಿ ನಿದ್ದೆ ಹತ್ತುವುದಿಲ್ಲ. ಇದ್ಯಾವುದೂ ರಕ್ತದಲ್ಲಿ ಬರುವ ವಿದ್ಯೆಯಲ್ಲ. ಗೌಡರ ಮಗನ ಕೈಯೂ ಮೊದಲ ದಿನ ರಾಡು ಅಂಟಿಸುತ್ತದೆ, ಸಮಗಾರರ ಮಗನ ಕೈಯೂ ಅಂಟಿಸುತ್ತದೆ. ಪರೀಕ್ಷೆಯ ತುಂಡನ್ನು ಬಗ್ಗಿಸಿದಾಗ ಜಾಯಿಂಟು ಬಿರಿಯಿತೋ ಇಲ್ಲವೋ ಅಷ್ಟೇ ಪ್ರಶ್ನೆ. ಕಬ್ಬಿಣಕ್ಕೆ ಅಡ್ಡಹೆಸರು ಕೇಳುವ ಚಟವಿಲ್ಲ.

ಆದರೆ ಕಬ್ಬಿಣ ಕೇಳದ್ದನ್ನು ಮನುಷ್ಯರು ಕೇಳುತ್ತಾರೆ. ಕಬ್ಬಿನ ಈ ಸೀಮೆಯಲ್ಲಿ ಟ್ರೇಲರು, ಬಂಡಿ, ಗೇಟು, ಶೆಡ್ಡು ಅಂತ ರಸ್ತೆಬದಿಯ ಅಂಗಡಿಗಳಲ್ಲಿ ವರ್ಷಗಟ್ಟಲೆ ಬೆಸುಗೆ ಹಾಕಿದ ಹುಡುಗರು ಬಹಳ. “ಕೈಯಾಗ ಕಸಬು ಐತ್ರಿ, ಕಾಗದ ಇಲ್ಲ” ಅನ್ನೋದು ಅವರ ಮಾತು. ಉಗಾರ ಖುರ್ದದಿಂದ ನಿಪ್ಪಾಣಿಯ ತನಕ ಇರುವ ಸಕ್ಕರೆ ಕಾರ್ಖಾನೆಗಳೆಲ್ಲ ಬಾಯ್ಲರಿನ ಹಬೆಯಿಂದಲೇ ನಡೆಯುತ್ತವೆ. ಆ ಬಾಯ್ಲರಿನ ಒತ್ತಡದ ಪೈಪಿಗೆ ಕೈಹಚ್ಚಲು ಐ.ಟಿ.ಐ. ಕಾಗದವೂ ಸಾಲದು. 1950ರ ಭಾರತೀಯ ಬಾಯ್ಲರ್ ನಿಯಮಗಳ ಪ್ರಕಾರ ಬೇರೆಯೇ ಪರೀಕ್ಷೆ ಪಾಸಾಗಬೇಕು, ಅವಧಿ ಮುಗಿದರೆ ನವೀಕರಿಸಬೇಕು. ಅದರ ಮೂಲವಾದ 1923ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಪರೀಕ್ಷೆಯ ಅಗತ್ಯ ಹೋಗಿಲ್ಲ, ಹೋಗಲೂಬಾರದು. ಹಬೆ ಸಿಡಿದರೆ ಸಾಯುವವರೂ ನಮ್ಮವರೇ. ಪ್ರಶ್ನೆ ಏನೆಂದರೆ, ಆ ಪರೀಕ್ಷೆಯ ಬಾಗಿಲ ತನಕ ಯಾರು ಹೋಗುತ್ತಾರೆ? ಅನುಭವದ ಪತ್ರ ಬೇಕು, ಪತ್ರ ಕೊಡಬೇಕಾದ ಮಾಲೀಕನಿಗೆ ಕೈಕೆಳಗಿನ ಹುಡುಗ ಹೊರಗೆ ಹೋಗುವುದು ಬೇಡ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಅನುಭವಿಯೇ ಅಲ್ಲ. ವತನದ ಭೂಮಿ ಮಾಡಿದ ಕೆಲಸವನ್ನು ಇಲ್ಲಿ ಬರೆಯದೇ ಬಿಟ್ಟ ಪತ್ರ ಮಾಡುತ್ತದೆ.

ಇದರ ಪಕ್ಕಕ್ಕೆ ಅಥಣಿಯ ಚರ್ಮದ ಕೈಗಳನ್ನು ಇಟ್ಟು ನೋಡೋಣ. ತೊಗಲು ಹದ ಮಾಡುವುದು, ಅಟ್ಟೆ ಕೊಯ್ಯುವುದು, ತೊಗಲದಾರದಿಂದ ಹೊಲಿಯುವುದು, ಜಡೆ ಹೆಣೆಯುವುದು. ಇದರಲ್ಲಿ ಹೊಲಿಗೆ, ಹೆಣಿಗೆ ಬಹುಪಾಲು ಹೆಂಗಸರದ್ದು. ಬೆಸುಗೆಗಿಂತ ಕಡಿಮೆಯ ವಿದ್ಯೆ ಇದಲ್ಲ. ಆದರೆ ಅದನ್ನು ವಿದ್ಯೆ ಅಂತ ಯಾರೂ ಕರೆಯಲಿಲ್ಲ, ‘ಕುಲಕಸುಬು’ ಅಂದರು. ವಿಮರ್ಶಕರು ಹರಳಯ್ಯನ ಕಥೆಯಲ್ಲಿ ಭಕ್ತಿಯನ್ನು ಕಂಡರು, ಕೌಶಲವನ್ನು ಕಾಣಲಿಲ್ಲ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳನ್ನು ಸೇರಿಸಿ ಭೌಗೋಳಿಕ ಗುರುತು ಸಿಕ್ಕಿತು, ಬೆಳಗಾವಿಯೂ ಅದರಲ್ಲಿದೆ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿ ತೋರಿಸಿ, ಗಲಾಟೆಯಾದ ಮೇಲೆ ಮೂಲವನ್ನು ಒಪ್ಪಿತು. ಚಪ್ಪಲಿಗೆ ಗುರುತು ಸಿಕ್ಕಿದ್ದು ಒಳ್ಳೆಯದೇ. ಹೆಣೆದ ಹೆಂಗಸಿಗೆ ಮಾತ್ರ ‘ಈಕೆ ಬಲ್ಲಳು’ ಅಂತ ಹೇಳುವ ಕಾಗದ ಬರಲಿಲ್ಲ.

ಈಗ ಹೊಸ ಕಾಗದವೊಂದು ಬಂದಿದೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆ ತಂದಿತು: ಪ್ರಮಾಣಪತ್ರ, ಗುರುತಿನ ಚೀಟಿ, ಕೆಲವು ದಿನಗಳ ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಹಣ ಬೇಡ ಅಂತ ಯಾರೂ ಹೇಳಬಾರದು. ಬಡವನ ಕೈಗೆ ಬಂದದ್ದು ಬರಲಿ. ಆದರೆ ಅದರ 18 ಕಸುಬುಗಳ ಪಟ್ಟಿಯನ್ನು ಓದಿ. ಲೋಹಾರ, ಸೋನಾರ, ಕುಂಬಾರ, ಚರ್ಮಕಾರ, ಧೋಬಿ. ಕಸುಬಿನ ಪಕ್ಕದಲ್ಲಿ ಮತ್ತೆ ಜಾತಿಯ ಹೆಸರು. ಗುರುಶಿಷ್ಯ ಪರಂಪರೆ, ಕುಟುಂಬದಿಂದ ಬಂದ ವಿದ್ಯೆ ಎಂಬ ಹೊಗಳಿಕೆ. ಈ ಪಟ್ಟಿಯಲ್ಲೂ ವೆಲ್ಡರ್ ಇಲ್ಲ! ಇತ್ತ ಐ.ಟಿ.ಐ. ಹುಡುಗರ ಘಟಿಕೋತ್ಸವ 2022ರಿಂದ ಶುರುವಾದದ್ದೂ ವಿಶ್ವಕರ್ಮ ಜಯಂತಿಯ ದಿನವೇ. ಪುರಾಣವಿಲ್ಲದೆ ಹುಟ್ಟಿದ ಕಸುಬಿಗೂ ಒಬ್ಬ ಪುರಾಣಪುರುಷನನ್ನು ಜೋಡಿಸಿ ಕೊಟ್ಟಾಯಿತು. ಬಲುತೆಯ ಪಟ್ಟಿ ಹರಿದುಹೋಗಿಲ್ಲ, ಹೊಸ ಅಚ್ಚಿನಲ್ಲಿ ಬಂದಿದೆ.

ಹಾಗಾದರೆ ನಾವೇನು ಮಾಡಬೇಕು? ಸಂಘಟನೆಯ ಗೆಳೆಯರಿಗೆ ಹೇಳುವುದು ಇಷ್ಟು: ನಿಪ್ಪಾಣಿ, ಕಾಗವಾಡದಂಥ ಹೊಸ ತಾಲ್ಲೂಕುಗಳೂ ಸೇರಿ ಐದೂ ಕಡೆ, ರಸ್ತೆಬದಿಯ ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರ ಪಟ್ಟಿಯನ್ನು ನಾವೇ ಮಾಡೋಣ. ಎಷ್ಟು ವರ್ಷದ ಕೆಲಸ, ಯಾವ ಕೆಲಸ ಅಂತ ದಾಖಲಿಸೋಣ. ಮೊದಲೇ ಕಲಿತದ್ದನ್ನು ಗುರುತಿಸಿ ಪರೀಕ್ಷೆ ಮಾಡುವ ವ್ಯವಸ್ಥೆ 2015ರ ಕೌಶಲ ಯೋಜನೆಯಿಂದ ಇದೆ, ಅರ್ಜಿ ಹಾಕಿಸೋಣ. ಅಪ್ರೆಂಟಿಸ್ ಕಾಯ್ದೆಯ ಮೀಸಲು ಸ್ಥಾನಗಳು ಎಷ್ಟು ತುಂಬಿವೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಅನುಭವದ ಪತ್ರ ಕೊಡುವುದು ಮಾಲೀಕನ ದಯೆಯಾಗಬಾರದು, ಕಾರ್ಮಿಕನ ಹಕ್ಕಾಗಬೇಕು.

ಬರೆಯುವ ಗೆಳೆಯರಿಗೆ ಹೇಳುವುದು ಇನ್ನೂ ಚಿಕ್ಕದು. ಕುಲಕಸುಬು ಎಂಬ ಪದವನ್ನು ‘ಪರಂಪರೆ’ ಅಂತ ಅಕ್ಕರೆಯಿಂದ ಬಳಸುವಾಗ ಒಂದು ಕ್ಷಣ ನಿಲ್ಲಿ. ಅದು ಯಾರ ಪರಂಪರೆ, ಯಾರಿಗೆ ಬಿಟ್ಟು ಹೋಗುವ ಹಕ್ಕಿರಲಿಲ್ಲ ಅಂತ ಕೇಳಿ. ಚಪ್ಪಲಿ ಹೊಲಿಯುವವಳ ಮಗಳು ವೆಲ್ಡರ್ ಆಗಬಹುದು, ವೆಲ್ಡರನ ಮಗ ಇಷ್ಟಪಟ್ಟು ಚಪ್ಪಲಿ ಹೊಲಿಯಬಹುದು. ಎರಡಕ್ಕೂ ಒಂದೇ ಬೆಲೆಯ ಸರ್ಟಿಫಿಕೇಟು ಸಿಕ್ಕ ದಿನ ಕಸುಬಿನಿಂದ ಕುಲ ಕಳಚಿತು ಅಂತ ತಿಳಿಯೋಣ.