ಯಾತ್ರಿಕನ ಸಂಚಾರ

ಯಾತ್ರಿಕನ ಸಂಚಾರ ಎಂಬುದು ಇಂಗ್ಲಿಷ್ ಲೇಖಕ ಜಾನ್ ಬನ್ಯನ್ ಅವರ ‘ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕೃತಿಯ ಕನ್ನಡ ಅನುವಾದ. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಗಾಟ್‌ಫ್ರೀಡ್ ವೈಗ್ಲೆ ಅವರು ಮಾಡಿದ ಈ ಅನುವಾದವು 1847ರಲ್ಲಿ ಪ್ರಕಟವಾಯಿತು. ಪಾಪದ ಹೊರೆಯನ್ನು ಬೆನ್ನಿನ ಮೇಲೆ ಹೊತ್ತ ಮನುಷ್ಯನೊಬ್ಬ ತನ್ನ ಊರನ್ನು ಬಿಟ್ಟು ಸ್ವರ್ಗದ ಪಟ್ಟಣದ ಕಡೆಗೆ ನಡೆದುಹೋಗುವುದು ಇದರ ಕಥೆ. ನಂಬಿಕೆ, ಪಾಪಕ್ಷಮೆ ಮತ್ತು ದಾರಿ ತಪ್ಪಿದವನಿಗೆ ಮರಳಿ ದೊರೆಯುವ ಅವಕಾಶ ಇದರ ಮುಖ್ಯ ವಸ್ತು. ಧರ್ಮಪ್ರಚಾರಕ್ಕಾಗಿ ಸಿದ್ಧವಾದ ಪುಸ್ತಕವಾದರೂ, ಮುದ್ರಣಯುಗದ ಕನ್ನಡದಲ್ಲಿ ಬಂದ ಮೊದಮೊದಲ ದೀರ್ಘ ಗದ್ಯಕಥನಗಳಲ್ಲಿ ಒಂದೆಂಬ ಕಾರಣದಿಂದ ಕಾದಂಬರಿಯ ಚರಿತ್ರೆಯಲ್ಲಿ ಇದರ ಹೆಸರು ಬರುತ್ತದೆ.

ಮೂಲ ಕೃತಿ

ಬನ್ಯನ್ 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಸಮೀಪದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯಂತೆ ಅವರೂ ಪಾತ್ರೆಗಳಿಗೆ ಬೆಸುಗೆ ಹಾಕುವ ಕಸುಬಿನವರು. ಹೆಚ್ಚಿನ ಶಾಲಾಶಿಕ್ಷಣ ಅವರಿಗೆ ದೊರೆತಿರಲಿಲ್ಲ. ರಾಜಮಾನ್ಯ ಚರ್ಚಿನ ಹೊರಗೆ ಅನುಮತಿಯಿಲ್ಲದೆ ಉಪದೇಶ ಮಾಡಿದರೆಂದು 1660ರಲ್ಲಿ ಅವರನ್ನು ಸೆರೆಗೆ ಹಾಕಲಾಯಿತು. ಇನ್ನು ಉಪದೇಶ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಅವರು ಕೊಡಲಿಲ್ಲ. ಹೆಂಡತಿಯನ್ನೂ ಕುರುಡಿಯಾದ ಹಿರಿಯ ಮಗಳು ಸೇರಿದಂತೆ ಮಕ್ಕಳನ್ನೂ ಹೊರಗೆ ಬಿಟ್ಟು 12 ವರ್ಷ ಸೆರೆಮನೆಯಲ್ಲಿ ಕಳೆದರು. ಕೃತಿಯ ಮೊದಲ ಭಾಗ 1678ರಲ್ಲಿಯೂ ಎರಡನೆಯ ಭಾಗ 1684ರಲ್ಲಿಯೂ ಹೊರಬಂದವು. ಬನ್ಯನ್ 1688ರಲ್ಲಿ ತೀರಿಕೊಂಡರು. ಅನಂತರದ ಶತಮಾನಗಳಲ್ಲಿ ಮಿಷನರಿಗಳು ಕಾಲಿಟ್ಟ ಕಡೆಯಲ್ಲೆಲ್ಲ ಬೈಬಲ್ಲಿನ ಹಿಂದೆಯೇ ಅನುವಾದಗೊಂಡ ಪುಸ್ತಕ ಇದು.

ಅನುವಾದದ ಹಿನ್ನೆಲೆ

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿತು. 1841ರಲ್ಲಿ ಅಲ್ಲಿ ಅದರ ಮುದ್ರಣಾಲಯ ಹುಟ್ಟಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ ಹೊರಟಿತು. ವೈಗ್ಲೆ ಅವರು ಮೋಗ್ಲಿಂಗ್ ಅವರ ಬಂಧು ಮತ್ತು ಸಹೋದ್ಯೋಗಿ. ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತು 1848ರಲ್ಲಿ ಜರ್ಮನಿಯ ಪ್ರಾಚ್ಯವಿದ್ಯಾ ಪತ್ರಿಕೆಯೊಂದರಲ್ಲಿ ವಿದ್ವತ್ ಲೇಖನವನ್ನು ಬರೆದವರು ಅವರೇ. ಕನ್ನಡ ಬೈಬಲ್ಲಿನ ಪರಿಷ್ಕರಣ ಕಾರ್ಯದಲ್ಲಿಯೂ ಅವರು ತೊಡಗಿದ್ದರು. ಇದೇ ವರ್ಷಗಳಲ್ಲಿ ಮೋಗ್ಲಿಂಗ್ ಅವರು ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ ಮತ್ತು ದಾಸರ ಪದಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಆದುದರಿಂದ ಯಾತ್ರಿಕನ ಸಂಚಾರವನ್ನು ಕನ್ನಡ ತಿಳಿಯದ ಪರದೇಶಿಯೊಬ್ಬನ ತುಂಡುತುಂಡು ತರ್ಜುಮೆ ಎಂದು ಕಡೆಗಣಿಸುವುದು ಸರಿಯಲ್ಲ.

ಕಥಾಸಾರ

ಕಥೆಯನ್ನು ನಿರೂಪಕನು ಕಂಡ ಕನಸಿನ ರೂಪದಲ್ಲಿ ಹೇಳಲಾಗಿದೆ. (ಇಲ್ಲಿ ಪಾತ್ರ ಮತ್ತು ಸ್ಥಳಗಳ ಹೆಸರುಗಳನ್ನು ಇಂಗ್ಲಿಷ್ ಮೂಲದ ಅರ್ಥವನ್ನು ಅನುಸರಿಸಿ ಕೊಡಲಾಗಿದೆ.) ನಾಶನಪುರದ ನಿವಾಸಿಯಾದ ಕ್ರಿಶ್ಚಿಯನ್ ಎಂಬವನು ಹರಕು ಬಟ್ಟೆಯುಟ್ಟು, ಕೈಯಲ್ಲಿ ಪುಸ್ತಕ ಹಿಡಿದು, ಬೆನ್ನಿನ ಮೇಲಿನ ಹೊರೆಗೆ ಬಾಗಿ ಅಳುತ್ತಿರುತ್ತಾನೆ. ತನ್ನ ಊರು ಸುಟ್ಟುಹೋಗಲಿದೆಯೆಂದು ಆತ ಪುಸ್ತಕದಿಂದ ತಿಳಿದಿದ್ದಾನೆ. ಸುವಾರ್ತಿಕನು ದಾರಿ ತೋರಿಸಿದೊಡನೆ ಓಡತೊಡಗುತ್ತಾನೆ. ಜೊತೆಗೆ ಬಂದ ನೆರೆಯವನೊಬ್ಬ ನಿರಾಶೆಯ ಕೆಸರಿನಲ್ಲಿ ಬಿದ್ದೊಡನೆ ಸಿಟ್ಟಾಗಿ ಮನೆಗೆ ಹಿಂದಿರುಗುತ್ತಾನೆ. ಲೋಕಬುದ್ಧಿಯ ಸಜ್ಜನನೊಬ್ಬ ಹೊರೆ ಇಳಿಸಿಕೊಳ್ಳಲು ಸುಲಭವಾದ ಬೇರೆ ದಾರಿಯಿದೆಯೆಂದು ಹೇಳಿ ಕ್ರಿಶ್ಚಿಯನ್‌ನನ್ನು ಅಡ್ಡದಾರಿಗೆ ಹಚ್ಚುತ್ತಾನೆ. ಸುವಾರ್ತಿಕನು ಗದರಿಸಿ ಮತ್ತೆ ದಾರಿಗೆ ತರುತ್ತಾನೆ.

ಕಿರುಬಾಗಿಲನ್ನು ದಾಟಿ ಬಂದ ಮೇಲೆ ಶಿಲುಬೆಯ ಬಳಿ ಹೊರೆ ತಾನಾಗಿ ಕಳಚಿ ಉರುಳಿಹೋಗುತ್ತದೆ. ಮೂವರು ತೇಜಸ್ವಿಗಳು ಕಾಣಿಸಿಕೊಳ್ಳುತ್ತಾರೆ. ಒಬ್ಬನು ಪಾಪಗಳು ಕ್ಷಮಿಸಲ್ಪಟ್ಟವೆಂದು ಹೇಳುತ್ತಾನೆ, ಇನ್ನೊಬ್ಬನು ಹೊಸ ಬಟ್ಟೆ ತೊಡಿಸುತ್ತಾನೆ, ಮತ್ತೊಬ್ಬನು ಹಣೆಗೆ ಗುರುತು ಹಾಕಿ ಮುದ್ರೆಯೊತ್ತಿದ ಸುರುಳಿಯೊಂದನ್ನು ಕೊಡುತ್ತಾನೆ. ಅನಂತರ ದುರ್ಗಮ ಬೆಟ್ಟ, ಅಪೊಲ್ಯೋನ್ ಎಂಬ ಅಸುರನೊಡನೆ ಹೋರಾಟ, ಮರಣಛಾಯೆಯ ಕಣಿವೆ, ಆಡಂಬರದ ಸಂತೆ ಬರುತ್ತವೆ. ಸಂತೆಯಲ್ಲಿ ಜೊತೆಗಾರನಾದ ನಂಬಿಗಸ್ತನನ್ನು ಕೊಲ್ಲಲಾಗುತ್ತದೆ. ಅವನ ಸಾವನ್ನು ಕಂಡ ಆಶಾವಂತನೆಂಬ ಸಂತೆಯ ನಿವಾಸಿ ಕ್ರಿಶ್ಚಿಯನ್‌ನ ಜೊತೆಗೂಡುತ್ತಾನೆ. ಇಬ್ಬರೂ ಕೊನೆಗೆ ನದಿಯನ್ನು ದಾಟಿ ಸ್ವರ್ಗದ ಪಟ್ಟಣವನ್ನು ಸೇರುತ್ತಾರೆ.

ಕ್ಷಮೆ ಮತ್ತು ಮರಳಿ ದೊರೆಯುವ ಅವಕಾಶ

ಕಥೆಯ ಮೂರನೆಯ ಒಂದು ಭಾಗವೂ ಮುಗಿಯುವ ಮೊದಲೇ ಹೊರೆ ಇಳಿದುಹೋಗುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಕ್ಷಮೆಯು ಯಾತ್ರೆಯ ಕೊನೆಯಲ್ಲಿ ದೊರೆಯುವ ಬಹುಮಾನವಾಗಿದ್ದರೆ ಬನ್ಯನ್ ಅದನ್ನು ಪಟ್ಟಣದ ಬಾಗಿಲಲ್ಲಿ ಇಡುತ್ತಿದ್ದರು. ಕ್ಷಮೆ ಪಡೆದ ಮೇಲೆಯೇ ನಿಜವಾದ ಕಷ್ಟಗಳು ಆರಂಭವಾಗುತ್ತವೆ, ಕ್ಷಮೆ ಪಡೆದವನು ಮತ್ತೆ ಮತ್ತೆ ತಪ್ಪುತ್ತಾನೆ. ಬೆಟ್ಟದ ನಡುವಿನ ನೆರಳಿನಲ್ಲಿ ನಿದ್ದೆಹೋಗಿ ಸುರುಳಿಯನ್ನು ಕಳೆದುಕೊಳ್ಳುತ್ತಾನೆ. ಅದನ್ನು ಹುಡುಕಲು ಹತ್ತಿದ ದಾರಿಯನ್ನೇ ಇಳಿದು ಮರಳಿ ಹತ್ತಬೇಕಾಗುತ್ತದೆ. ಒಮ್ಮೆ ನಡೆಯಬೇಕಾಗಿದ್ದ ದಾರಿಯನ್ನು ಮೂರು ಸಲ ನಡೆಯಬೇಕಾಯಿತಲ್ಲಾ ಎಂದು ಆತ ಕೊರಗುತ್ತಾನೆ. ಇನ್ನೊಂದು ಸಲ ಕಾಲಿಗೆ ಮೆತ್ತಗಿದೆಯೆಂದು ಪಕ್ಕದ ಹುಲ್ಲುಗಾವಲಿಗೆ ತಾನೂ ಇಳಿದು ಜೊತೆಗಾರನನ್ನೂ ಇಳಿಸುತ್ತಾನೆ.

ಈ ಎರಡನೆಯ ತಪ್ಪಿನ ಫಲವೇ ಸಂಶಯದುರ್ಗದ ಪ್ರಸಂಗ. ಕೃತಿಯ ಅತ್ಯಂತ ಮಾನವೀಯವಾದ ಭಾಗವೆಂದು ಇದನ್ನು ಹೇಳಬಹುದು. ಹತಾಶೆ ಎಂಬ ರಾಕ್ಷಸನು ಇಬ್ಬರನ್ನೂ ಹಿಡಿದು ಬುಧವಾರ ಬೆಳಗಿನಿಂದ ಶನಿವಾರ ರಾತ್ರಿಯವರೆಗೆ ಅನ್ನನೀರಿಲ್ಲದ ಕತ್ತಲೆಯ ಕೋಣೆಯಲ್ಲಿ ಕೂಡಿಹಾಕುತ್ತಾನೆ, ಹೊಡೆಯುತ್ತಾನೆ, ನೀವೇ ನಿಮ್ಮ ಪ್ರಾಣ ತೆಗೆದುಕೊಳ್ಳಿ ಎಂದು ಬೋಧಿಸುತ್ತಾನೆ. ಕ್ರಿಶ್ಚಿಯನ್ ಆ ಮಾತಿಗೆ ಮಣಿಯುವವರೆಗೂ ಹೋಗುತ್ತಾನೆ, ಆಶಾವಂತನು ತಡೆಯುತ್ತಾನೆ. ಕೊನೆಗೆ ವಾಗ್ದಾನವೆಂಬ ಬೀಗದ ಕೈ ತನ್ನ ಎದೆಯಲ್ಲೇ ಇತ್ತೆಂದು ಕ್ರಿಶ್ಚಿಯನ್‌ಗೆ ನೆನಪಾಗುತ್ತದೆ. ಯಾರೂ ಹೊರಗಿನಿಂದ ಬಂದು ಬಿಡಿಸುವುದಿಲ್ಲ.

ಆದರೆ ಕೃತಿಯಲ್ಲಿ ಎಲ್ಲರಿಗೂ ಮರಳಿ ಅವಕಾಶ ಸಿಗುವುದಿಲ್ಲ. ವ್ಯಾಖ್ಯಾನಕಾರನ ಮನೆಯಲ್ಲಿ ಕಬ್ಬಿಣದ ಪಂಜರದೊಳಗೆ ಕುಳಿತ ಒಬ್ಬನಿದ್ದಾನೆ. ಇನ್ನು ಪಶ್ಚಾತ್ತಾಪ ಪಡುವ ಶಕ್ತಿಯೇ ತನಗಿಲ್ಲವೆಂದು ಆತ ಹೇಳಿಕೊಳ್ಳುತ್ತಾನೆ. ಪುಸ್ತಕದ ಕೊನೆಯ ಪುಟದಲ್ಲಿ ಅಜ್ಞಾನನೆಂಬವನು ನದಿಯನ್ನು ಸುಲಭವಾಗಿ ದಾಟಿ ಬಂದರೂ ಸುರುಳಿಯಿಲ್ಲದ ಕಾರಣ ಸ್ವರ್ಗದ ಬಾಗಿಲಿನಿಂದಲೇ ಹಿಂದಕ್ಕೆ ಒಯ್ಯಲ್ಪಡುತ್ತಾನೆ. ಇಂದಿನ ಓದುಗರಿಗೆ ಇದು ಕಠೋರವಾಗಿ ಕಾಣುವುದು ಸಹಜ. ಬನ್ಯನ್ ಅವರಿಗೇ ಹಾಗೆ ಅನ್ನಿಸಿತೋ ಏನೋ, ಎರಡನೆಯ ಭಾಗದಲ್ಲಿ ಕುಂಟುವವರು, ಅಂಜುಬುರುಕರು, ಮನಸ್ಸು ದುರ್ಬಲವಾದವರು ಎಲ್ಲರೂ ನಿಧಾನವಾಗಿ ಒಟ್ಟಿಗೆ ನಡೆದು ಗುರಿ ಸೇರುತ್ತಾರೆ.

ಕನ್ನಡದ ಓದುಗರಿಗೆ ಹೋಲಿಕೆಗಳು ಹತ್ತಿರದಲ್ಲೇ ಇವೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪದ ಪಾಪ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟುತ್ತದೆ, ಬನ್ಯನ್ ಅವರಲ್ಲಿ ಹೊರೆ ಒಂದು ಕ್ಷಣದಲ್ಲಿ ಕಳಚುತ್ತದೆ. ‘ಗೋವಿನ ಹಾಡಿ’ನ ಹುಲಿ ತನ್ನ ತಪ್ಪಿಗೆ ನಾಚಿ ಪ್ರಾಣ ಬಿಡುತ್ತದೆ. ಸಂಶಯದುರ್ಗದಲ್ಲಿ ರಾಕ್ಷಸನು ಹೇಳುವುದೂ ಅದನ್ನೇ, ಆದರೆ ಅಲ್ಲಿ ಅದು ಶತ್ರುವಿನ ಉಪದೇಶ. ಪಶ್ಚಾತ್ತಾಪಪಟ್ಟವನು ಬದುಕಿ ನಡೆಯಬೇಕೆಂಬುದು ಬನ್ಯನ್ ಅವರ ನಿಲುವು. ಹೀಗೆ ಹೋಲಿಸಿ ಓದಿದರೆ ಯಾವ ಕೃತಿಯ ಬೆಲೆಯೂ ಕಡಿಮೆಯಾಗುವುದಿಲ್ಲ.

ಮನೆ ಬಿಟ್ಟವನ ಪ್ರಶ್ನೆ

ಕಥೆಯ ಆರಂಭದಲ್ಲಿ ಹೆಂಡತಿ ಮಕ್ಕಳು ಕೂಗಿ ಕರೆಯುತ್ತಿದ್ದರೂ ಕ್ರಿಶ್ಚಿಯನ್ ಕಿವಿಗಳಲ್ಲಿ ಬೆರಳಿಟ್ಟುಕೊಂಡು ಓಡುತ್ತಾನೆ. ಅನುವಾದ ಪ್ರಕಟವಾದ ಕಾಲದ ಕರಾವಳಿಯಲ್ಲಿ ಇದು ಕೇವಲ ರೂಪಕವಾಗಿರಲಿಲ್ಲ. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಯುವಕ ಆನಂದರಾವ್ ಕೌಂಡಿನ್ಯ ಅವರು ಮೋಗ್ಲಿಂಗ್ ಅವರಿಂದ ದೀಕ್ಷಾಸ್ನಾನ ಪಡೆದಾಗ ಪಟ್ಟಣದಲ್ಲಿ ದೊಡ್ಡ ಗಲಭೆಯಾಯಿತು. ಮನೆತನ, ಮದುವೆ, ಊರಿನ ನಂಟು ಎಲ್ಲವೂ ಒಮ್ಮೆಲೇ ಕಡಿದುಹೋದವು. ಕೌಂಡಿನ್ಯ ಅವರು ಮುಂದೆ ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದರು. ಇಂಥ ಘಟನೆಯನ್ನು ಕಣ್ಣಾರೆ ಕಂಡವರ ಕೈಗೆ ಮೂರು ವರ್ಷಗಳ ಅನಂತರ ಈ ಪುಸ್ತಕ ಬಂದಿತು. ಹೊರೆ ಇಳಿಸಿಕೊಳ್ಳಲು ಹೊರಟವನು ಬಿಟ್ಟುಹೋದವರ ತಲೆಯ ಮೇಲೆ ಇನ್ನೊಂದು ಹೊರೆಯನ್ನು ಹೊರಿಸಲಿಲ್ಲವೆ ಎಂಬ ಪ್ರಶ್ನೆಯನ್ನು ಮೊದಲ ಭಾಗ ಉತ್ತರಿಸದೆ ಬಿಡುತ್ತದೆ.

ಮೂಲದ ಎರಡನೆಯ ಭಾಗದಲ್ಲಿ ಬನ್ಯನ್ ಈ ಪ್ರಶ್ನೆಯ ಬಳಿಗೆ ಮರಳುತ್ತಾರೆ. ಗಂಡನು ಹೋದ ಮೇಲೆ ಕ್ರಿಶ್ಚಿಯಾನಾ ತಾನು ಅವನೊಡನೆ ನಡೆದುಕೊಂಡ ರೀತಿಗೆ ಮರುಗಿ, ನಾಲ್ವರು ಗಂಡುಮಕ್ಕಳನ್ನೂ ನೆರೆಯ ಹುಡುಗಿಯೊಬ್ಬಳನ್ನೂ ಕರೆದುಕೊಂಡು ಅದೇ ದಾರಿಯಲ್ಲಿ ಹೊರಡುತ್ತಾಳೆ. ಇಲ್ಲಿಯೂ ಪಶ್ಚಾತ್ತಾಪ ಪಡುವವಳು ಹೆಂಡತಿಯೇ ಹೊರತು ಬಿಟ್ಟುಹೋದ ಗಂಡನಲ್ಲ ಎಂಬುದನ್ನು ವಿಮರ್ಶಕ ದೃಷ್ಟಿಯ ವಿದ್ಯಾರ್ಥಿಗಳು ಗುರುತಿಸದಿರಲಾರರು.

ಭಾಷೆ

ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಪ್ರಯತ್ನದಿಂದ ಕನ್ನಡದ ಪೂರ್ಣ ಬೈಬಲ್ 1831ರ ಹೊತ್ತಿಗೆ ಬಂದಿತ್ತು. ಪಾಪ, ಕೃಪೆ, ನಂಬಿಕೆ, ರಕ್ಷಣೆ, ಮಾನಸಾಂತರ ಮುಂತಾದ ಪದಗಳು ಕ್ರೈಸ್ತ ಅರ್ಥವನ್ನು ಹೊತ್ತು ಚಲಾವಣೆಗೆ ಬರುತ್ತಿದ್ದ ಕಾಲವದು. ಇವುಗಳಲ್ಲಿ ಹೆಚ್ಚಿನವು ಶರಣರ ವಚನಗಳಲ್ಲಿಯೂ ದಾಸರ ಪದಗಳಲ್ಲಿಯೂ ಬಳಕೆಯಾಗಿದ್ದ ಹಳೆಯ ಪದಗಳೇ. ಇಂದಿಗೂ ಪ್ರೊಟೆಸ್ಟಂಟರು ‘ನಂಬಿಕೆ’ ಎನ್ನುವಲ್ಲಿ ಕಥೋಲಿಕರು ‘ವಿಶ್ವಾಸ’ ಎನ್ನುವುದು ರೂಢಿ. ಪದ್ಯದಲ್ಲಿ ಕ್ರೈಸ್ತ ಕಥನವನ್ನು ಹೇಳುವ ಪ್ರಯತ್ನವೂ ನಡೆಯಿತು: ನಿಘಂಟುಕಾರ ಫರ್ಡಿನಾಂಡ್ ಕಿಟೆಲ್ ಅವರು 1862ರಲ್ಲಿ ಯೇಸುವಿನ ಚರಿತೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ದೇಸಿ ಮಟ್ಟುಗಳಲ್ಲಿ ರಚಿಸಿದರು. ವೈಗ್ಲೆ ಅವರು ಆರಿಸಿಕೊಂಡದ್ದು ಗದ್ಯದ ದಾರಿ.

ಘಟ್ಟದ ಮೇಲಿನ ತಾಲೂಕುಗಳಲ್ಲಿ

ಅನುವಾದ ಪ್ರಕಟವಾದಾಗ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಪ್ರದೇಶಗಳು ಮಂಗಳೂರು ಕೇಂದ್ರವಾಗಿದ್ದ ಅವಿಭಜಿತ ಕೆನರಾ ಜಿಲ್ಲೆಯಲ್ಲಿಯೇ ಇದ್ದವು. ಉತ್ತರ ಕೆನರಾ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಈ ತಾಲೂಕುಗಳ ಕ್ರೈಸ್ತರಲ್ಲಿ ಕೊಂಕಣಿ ಮಾತನಾಡುವ ಕಥೋಲಿಕರೇ ಹೆಚ್ಚು. ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದಲ್ಲಿಯೂ ಕಥೋಲಿಕರಿದ್ದಾರೆ. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತಕ್ಕೆ ಇವರು ಸೇರುತ್ತಾರೆ. ಪೂಜೆಯ ಭಾಷೆ 1960ರ ದಶಕದ ಎರಡನೆಯ ವ್ಯಾಟಿಕನ್ ಸಭೆಯವರೆಗೂ ಲ್ಯಾಟಿನ್ ಆಗಿತ್ತು.

ಬನ್ಯನ್ ಅವರ ಪುಸ್ತಕ ಈ ಓದುಗರಿಗೆ ಪೂರ್ತಿ ಸಲ್ಲದೆ ಹೋಗಲು ಒಂದು ಸ್ಪಷ್ಟ ಕಾರಣವಿದೆ. ಮೂಲದಲ್ಲಿ ಮರಣಛಾಯೆಯ ಕಣಿವೆಯ ಕೊನೆಗೆ ಪೋಪ್ ಮತ್ತು ಅನ್ಯಧರ್ಮ ಎಂಬ ಇಬ್ಬರು ರಾಕ್ಷಸರ ಗುಹೆ ಬರುತ್ತದೆ. ಕಥೋಲಿಕ ಓದುಗರಿಗೂ ಹಿಂದೂ ಓದುಗರಿಗೂ ಒಂದೇ ಪುಟದಲ್ಲಿ ಅವಮಾನ! ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಮತದ್ವೇಷದ ಗುರುತು ಅದೆಂದು ತಿಳಿದು ದಾಟಿಹೋಗುವುದೇ ಲೇಸು.

ಉಳಿದಂತೆ ಈ ಸೀಮೆಯ ಓದುಗರಿಗೆ ಕಥನದ ರೀತಿ ಅಪರಿಚಿತವಲ್ಲ. ಲೋಕಬುದ್ಧಿಯ ಸಜ್ಜನನೊಡನೆ, ಅಪೊಲ್ಯೋನನೊಡನೆ ನಡೆಯುವ ವಾದಗಳು ತಾಳಮದ್ದಲೆಯ ಅರ್ಥಗಾರಿಕೆಯನ್ನು ನೆನಪಿಗೆ ತರುತ್ತವೆ. ಎದುರಾಳಿಯ ಮಾತಿನಲ್ಲಿಯೂ ಹುರುಳಿರುತ್ತದೆ, ಅದಕ್ಕೆ ಮಾತಿನಿಂದಲೇ ಉತ್ತರ ಕೊಡಬೇಕು. ಗುಣದೋಷಗಳನ್ನು ಪಾತ್ರಗಳನ್ನಾಗಿ ಮಾಡುವ ಪದ್ಧತಿಯೂ ಕೃಷ್ಣಮಿಶ್ರನ ಸಂಸ್ಕೃತ ನಾಟಕ ‘ಪ್ರಬೋಧಚಂದ್ರೋದಯ’ದಷ್ಟು ಹಳೆಯದು. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಹೊರೆ ಹೊತ್ತು ಹತ್ತಿದವರ ನಾಡಿನಲ್ಲಿ ದುರ್ಗಮ ಬೆಟ್ಟಕ್ಕೆ ಟಿಪ್ಪಣಿ ಬೇಕಾಗದು.

ಕಾದಂಬರಿಯ ಚರಿತ್ರೆಯಲ್ಲಿ

ಯಾತ್ರಿಕನ ಸಂಚಾರವನ್ನು ಕನ್ನಡದ ಮೊದಲ ಕಾದಂಬರಿ ಎಂದು ಕರೆಯುವುದು ಉತ್ಪ್ರೇಕ್ಷೆ. ಅದು ಅನುವಾದ, ಅಲ್ಲದೆ ರೂಪಕಕಥೆ. ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಮನ್ನಣೆ ಪಡೆದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಅದು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿಯೇ. ಬಾಲವಿಧವೆಯೊಬ್ಬಳು ಮನೆ ಬಿಟ್ಟು ಹೊರಬಂದು, ಓದಿ, ಮರುಮದುವೆಯಾಗುವ ಆ ಕಥೆಯಲ್ಲಿಯೂ ಬದುಕಿಗೆ ಇನ್ನೊಂದು ಅವಕಾಶವಿದೆ, ಆದರೆ ಅದು ದೊರೆಯುವುದು ಇದೇ ಲೋಕದಲ್ಲಿ.

ಕನ್ನಡ ಕ್ರೈಸ್ತರ ಬದುಕು ಮತಪ್ರಚಾರದ ಹಂಗಿಲ್ಲದೆ ಕಾದಂಬರಿಗೆ ಬರಲು ಇನ್ನೂ ಬಹುಕಾಲ ಹಿಡಿಯಿತು. ಸಿದ್ದಾಪುರಕ್ಕೆ ನೆರೆಯ ಸಾಗರದಲ್ಲಿ ಬಾಳಿದ ನಾ. ಡಿಸೋಜ (1937–2025) ಅವರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯಲ್ಲಿ ಮಲೆನಾಡಿನ ಕ್ರೈಸ್ತ ಕುಟುಂಬಗಳನ್ನು ಚಿತ್ರಿಸಿದರು. ಅವರು 2014ರಲ್ಲಿ ಮಡಿಕೇರಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು.