ಲಿನಕ್ಸ್‌ಗೆ ಹೋದ ಮ್ಯಾಲೂ ವಿಂಡೋಸ್ ಯಾಕ ಇಟ್ಕೋತಾರ? ಆಟದ 30 ವರ್ಷದ ಇತಿಹಾಸ

🎮 ಭಾಗ 1/6
ಲಿನಕ್ಸ್ ಹಾಕ್ಕೊಂಡು, ಆಟಕ್ಕಂತ ವಿಂಡೋಸ್‌ಗೂ ಒಂದು ಮೂಲಿ ಬಿಟ್ಟವರನ್ನ ಕ್ಲಾಸಿನಾಗ ಕಾಡ್ಸೋದು ಇದ್ದದ್ದೇ: "ಎರಡು ದೋಣಿ ಮ್ಯಾಲೆ ಕಾಲಿಟ್ಟೀಯಲ್ಲೋ!" ಮಾಗಳದಂಥ ಹೊಳಿ ದಂಡಿ ಊರಿನವರಿಗೆ ಈ ಮಾತು ಹೇಳಿಕೊಡಬೇಕಿಲ್ಲ. ಆದ್ರ ಡ್ಯುಯಲ್ ಬೂಟ್‌ನಾಗ ಒಂದು ಸಲಕ್ಕ ಒಂದೇ ದೋಣಿ ನಡೀತೈತಿ, ಇನ್ನೊಂದು ದಂಡಿಗೆ ಕಟ್ಟಿರ್ತೈತಿ. ಆ ಎರಡನೇ ದೋಣಿ ಯಾಕ ಬೇಕಾಯ್ತು, ಇವತ್ತಿಗೂ ಯಾಕ ಬೇಕು? ಕಾರಣ ಕಾಲಕ್ಕ ತಕ್ಕಂಗ ಬದಲಾಗೈತಿ. ಅದೇ ಈ ಸರಣಿ. ಸ್ವೈಪ್ ಮಾಡ್ರಿ 👉

💾 ಭಾಗ 2/6: ಬಾಗಿಲು ಹಾಕಿದ್ದು ಯಾವಾಗ?
1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬಿಡುಗಡೆ ಮಾಡಿದ. ಎರಡೇ ವರ್ಷಕ್ಕೆ, 1993ರಲ್ಲಿ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ 'ವೈನ್' ಯೋಜನೆ ಶುರುವಾಯ್ತು. 1994ರಲ್ಲಿ ಡೂಮ್ ಆಟ ಲಿನಕ್ಸ್‌ಗೂ ಬಂತು. ಅಂದ್ರ ಮೊದಲಿಂದ ಲಿನಕ್ಸ್‌ನಾಗ ಆಟಾನ ಇರಲಿಲ್ಲ ಅನ್ನೋದು ಸುಳ್ಳು.
ತಿರುವು ಬಂದಿದ್ದು 1995ರಲ್ಲಿ. ವಿಂಡೋಸ್ 95 ಬಂದ ಬೆನ್ನಲ್ಲೇ ಮೈಕ್ರೋಸಾಫ್ಟ್ 'ಡೈರೆಕ್ಟ್‌ಎಕ್ಸ್' ತಂತು. ಚಿತ್ರ, ಸೌಂಡ್, ಜಾಯ್‌ಸ್ಟಿಕ್ ಎಲ್ಲವನ್ನೂ ಆಟ ಬರೆಯುವವರಿಗೆ ಒಂದೇ ಕಡೆ ಕೊಡುವ ವ್ಯವಸ್ಥೆ ಅದು. ಕೆಲಸ ಸುಲಭ ಆಯ್ತು, ಎಲ್ಲರೂ ಅದಕ್ಕೇ ಬರೆದರು. ಆದ್ರ ಅದು ವಿಂಡೋಸ್‌ನಾಗ ಮಾತ್ರ ಇತ್ತು. ಆಟ ಆ ಭಾಷೆ ಕಲಿತ ಮ್ಯಾಲೆ ಲಿನಕ್ಸ್ ಅದಕ್ಕೆ ಪರದೇಶ ಆಯ್ತು.

📀 ಭಾಗ 3/6: ನಮ್ಮ ಕಡೆ ಏನಾಯ್ತು?
1996ರಲ್ಲಿ ಪಿಸಿ ಕ್ವೆಸ್ಟ್ ಮ್ಯಾಗಜಿನ್ ಜೊತೆ ಲಿನಕ್ಸ್ ಸಿಡಿ ಹಂಚಿದರು. ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. ಇಂಟರ್ನೆಟ್ ದುಬಾರಿ ಇದ್ದ ಕಾಲ ಅದು, ನಮ್ಮ ದೇಶದಲ್ಲಿ ಎಷ್ಟೋ ಮಂದಿಗೆ ಲಿನಕ್ಸ್ ಸಿಕ್ಕಿದ್ದೇ ಹಂಗ. 2001ರಲ್ಲಿ ಬೆಂಗಳೂರಿನಲ್ಲಿ ಲಿನಕ್ಸ್ ಸಮ್ಮೇಳನವೂ ಶುರುವಾಯ್ತು.
ಆದ್ರ ಕನ್ನಡ ಟೈಪ್ ಮಾಡೋರಿಗೆ ವಿಂಡೋಸ್ ಬಿಡೋದು ಕಷ್ಟ ಇತ್ತು. ಶೇಷಾದ್ರಿವಾಸು ಅವರ 'ಬರಹ' (1998), ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ', ಎರಡೂ ವಿಂಡೋಸ್‌ಗೆ ಬರೆದವು. ಡಿಟಿಪಿ ಅಂಗಡಿಯವರಿಗೆ ನುಡಿ ಹೆಂಗೋ, ಗೇಮರ್‌ಗಳಿಗೆ ಡೈರೆಕ್ಟ್‌ಎಕ್ಸ್ ಹಂಗ. ಯೂನಿಕೋಡ್ ಬಂದ ಮ್ಯಾಲೆ ಕನ್ನಡ ಆ ಕಟ್ಟಿನಿಂದ ಬಹಳಮಟ್ಟಿಗೆ ಬಿಡಿಸ್ಕೊಂತು. ಇವತ್ತು ಲಿನಕ್ಸ್‌ನಾಗ ಕೀಬೋರ್ಡ್ ಸೆಟ್ಟಿಂಗ್ ಬದಲಿಸಿದ್ರ ಕನ್ನಡ ಬರ್ತೈತಿ. ಆಟಕ್ಕ ಇನ್ನೂ ಹೊತ್ತು ಹಿಡೀತು.

🔥 ಭಾಗ 4/6: ಬಾಗಿಲು ತೆರೆದವರು
1998ರಲ್ಲಿ 'ಲೋಕಿ' ಅನ್ನೋ ಕಂಪನಿ ವಿಂಡೋಸ್ ಆಟಗಳನ್ನು ಒಂದೊಂದಾಗಿ ಲಿನಕ್ಸ್‌ಗೆ ತರೋಕೆ ಹೊರಟಿತು. 2002ರ ಹೊತ್ತಿಗೆ ಮುಚ್ಚಿತು. ಒಂದೊಂದೇ ಆಟ ಹೊತ್ತು ತರೋದ್ರಿಂದ ಹೊಟ್ಟೆ ತುಂಬಲಿಲ್ಲ.
2013ರಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಲಿನಕ್ಸ್‌ಗೆ ಬಂತು. ನಿಜವಾದ ಬದಲಾವಣೆ 2018ರ ಆಗಸ್ಟ್‌ನದು: 'ಪ್ರೋಟಾನ್'. ಹಳೆಯ ವೈನ್‌ಗೆ, ಡೈರೆಕ್ಟ್‌ಎಕ್ಸ್ ಮಾತನ್ನು ವಲ್ಕನ್ ಅನ್ನೋ ಎಲ್ಲರ ಭಾಷೆಗೆ ತಿರುಗಿಸುವ ಡಿಎಕ್ಸ್‌ವಿಕೆ ಸೇರಿಸಿ ಮಾಡಿದ್ದು. ಆಟ ತಾನು ವಿಂಡೋಸ್‌ನಾಗೇ ಇದ್ದೀನಿ ಅಂದ್ಕೊಂಡು ಓಡ್ತೈತಿ! 2022ರ ಸ್ಟೀಮ್ ಡೆಕ್ ಒಳಗಿರೋದೂ ಲಿನಕ್ಸೇ. ಒಬ್ಬರೇ ಕುಂತು ಆಡೋ ಆಟಗಳಲ್ಲಿ ಬಹಳಷ್ಟಕ್ಕೆ ಈಗ ವಿಂಡೋಸ್ ಬೇಕಿಲ್ಲ.

🔒 ಭಾಗ 5/6: ಹಂಗಾದ್ರ ಇನ್ನೂ ಯಾಕ?
ಈಗಿನ ತಡೆ ಬೇರೆ: ಆಂಟಿ-ಚೀಟ್. ಆನ್‌ಲೈನ್ ಆಟದಲ್ಲಿ ಮೋಸ ಹಿಡಿಯೋ ಕಾವಲುಗಾರ. 2020ರ ವ್ಯಾಲರಂಟ್‌ನ 'ವ್ಯಾನ್‌ಗಾರ್ಡ್' ವಿಂಡೋಸ್‌ನ ಕರ್ನಲ್‌ನಲ್ಲೇ ಕೂರ್ತೈತಿ. ಲಿನಕ್ಸ್‌ನಾಗ ಅದಕ್ಕ ಜಾಗ ಇಲ್ಲ. 2021ರಲ್ಲಿ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ ಪ್ರೋಟಾನ್‌ಗೆ ದಾರಿ ಬಿಟ್ಟವು. ಆದ್ರ ಸ್ವಿಚ್ ಹಾಕೋದು ಆಟದ ಕಂಪನಿ ಕೈಯಾಗ. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಬಂತು, ಲಿನಕ್ಸ್‌ನವರು ಹೊರಗುಳಿದರು. ಅಕ್ಟೋಬರ್‌ನಲ್ಲಿ ಏಪೆಕ್ಸ್ ಲೆಜೆಂಡ್ಸ್ ಮೋಸಗಾರರ ಕಾರಣ ಕೊಟ್ಟು ಲಿನಕ್ಸ್‌ಗೆ ಬಾಗಿಲು ಹಾಕಿತು.
ಇಲ್ಲೇ ನೋಡ್ರಿ ವ್ಯತ್ಯಾಸ. 1995ರಲ್ಲಿ ಲಿನಕ್ಸ್‌ಗೆ ಆಟ ಓಡಿಸೋ 'ಶಕ್ತಿ' ಇರಲಿಲ್ಲ. ಇವತ್ತು ಶಕ್ತಿ ಐತಿ, 'ಪರ್ಮಿಷನ್' ಇಲ್ಲ. ಮೊದಲಿನದ್ದನ್ನ ಕೋಡ್ ಬರೆದು ಗೆದ್ದರು. ಎರಡನೇದ್ದು ಕಂಪನಿ ಮನಸ್ಸು ಮಾಡಿದ್ರ ಮಾತ್ರ.

🛠️ ಭಾಗ 6/6: ಎರಡನೇ ದೋಣಿ ಕಟ್ಟೋದು ಹೆಂಗ?
2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ ಮುಗೀತು. ಹಳೇ ಲ್ಯಾಪ್‌ಟಾಪ್ ಎಷ್ಟೋ ವಿಂಡೋಸ್ 11ರ ಷರತ್ತು ದಾಟಂಗಿಲ್ಲ. ಅದಕ ಈ ಪ್ರಶ್ನೆ ಈಗ ನಮ್ಮ ಮನಿಯೊಳಗೇ ಬಂದೈತಿ.
✅ ಮೊದಲು ಫೋಟೋ, ನೋಟ್ಸ್, ಪ್ರಾಜೆಕ್ಟ್ ಬೇರೆ ಡಿಸ್ಕಿಗೆ ಕಾಪಿ ಮಾಡ್ರಿ. ಬಿಟ್‌ಲಾಕರ್ ಇದ್ರ ರಿಕವರಿ ಕೀ ಬರೆದಿಟ್ಕೊಳ್ರಿ.
✅ ಎರಡೂ ಹೊಸದಾಗಿ ಹಾಕೋದಾದ್ರ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್. ಎರಡು ಡಿಸ್ಕ್ ಇದ್ರ ಇನ್ನೂ ಚಲೋ.
✅ ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡ್ರಿ. ಇಲ್ಲಂದ್ರ ಆ ಡಿಸ್ಕಿಗೆ ಲಿನಕ್ಸ್‌ನಿಂದ ಬರೆಯೋಕೆ ಬರಂಗಿಲ್ಲ.
✅ ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ತಾಸು ಹಿಂದೆ ತೋರಿಸಿದ್ರ ಗಾಬರಿ ಬ್ಯಾಡ. ಲಿನಕ್ಸ್ ಮಷೀನಿನ ಗಡಿಯಾರದಾಗ ಯುಟಿಸಿ ಇಡ್ತೈತಿ, ವಿಂಡೋಸ್ ಅದನ್ನೇ ನಮ್ಮ ಟೈಮ್ ಅಂತ ಓದ್ತೈತಿ.
✅ ಸಪೋರ್ಟ್ ಮುಗಿದ ವಿಂಡೋಸ್ ಆಟಕ್ಕಷ್ಟೇ. ಬ್ಯಾಂಕು, ಮೇಲ್, ಕಾಲೇಜಿನ ಕೆಲಸ ಎಲ್ಲಾ ಲಿನಕ್ಸ್‌ನಾಗ.

ವಿಂಡೋಸ್ ಮೂಲಿ ಇಟ್ಕೊಂಡ್ರ ಲಿನಕ್ಸ್‌ಗೆ ದ್ರೋಹ ಅಲ್ಲ. 30 ವರ್ಷದಾಗ ಆ ಮೂಲಿ ಸಣ್ಣದಾಗ್ತಾ ಬಂದೈತಿ, ಅಷ್ಟೇ. ನಿಮ್ಮ ಮಷೀನಿನಾಗ ಅದು ಎಷ್ಟು ಜಿಬಿ ಐತಿ, ಯಾವ ಆಟಕ್ಕ ಉಳಿಸೀರಿ? ಕಾಮೆಂಟ್‌ನಾಗ ಹೇಳ್ರಿ 👇

#ಕನ್ನಡಟೆಕ್ #ಲಿನಕ್ಸ್ #ಡ್ಯುಯಲ್‌ಬೂಟ್ #ಮಾಗಳ #ಹೂವಿನಹಡಗಲಿ